ಒಬ್ಬನಿಗಾಗಿ ಎಷ್ಟು ಮಂದಿ?

2002ರ ಜುಲೈ 22ರ ರಾತ್ರಿ ಇಸ್ರೇಲಿನ ಎಫ್-16 ವಿಮಾನವೊಂದು ಗಾಜಾ ನಗರದ ಅಲ್ ದರಜ್ ಬಡಾವಣೆಯ ಒಂದು ಮನೆಯ ಮೇಲೆ ಒಂದು ಟನ್ ತೂಕದ ಬಾಂಬ್ ಹಾಕಿತು. ಆ ಮನೆಯಲ್ಲಿ ಇದ್ದವನು ಹಮಾಸ್‌ನ ಸಶಸ್ತ್ರ ಪಡೆಯ ಮುಖ್ಯಸ್ಥ ಸಲಾಹ್ ಶಹಾದೆ. ಇಸ್ರೇಲಿನ ಊರುಗಳಲ್ಲಿ ಸಿಡಿದ ಆತ್ಮಾಹುತಿ ಬಾಂಬುಗಳ ಹಿಂದೆ ಅವನ ಕೈ ಇತ್ತು. ಅವನು ಸತ್ತ. ಅವನ ಹೆಂಡತಿ ಸತ್ತಳು, ಹದಿಹರೆಯದ ಮಗಳು ಸತ್ತಳು, ಅಕ್ಕಪಕ್ಕದ ಮನೆಗಳಲ್ಲಿ ನಿದ್ದೆಯಲ್ಲಿದ್ದವರೂ ಸತ್ತರು. ಪ್ರಾಣ ಕಳೆದುಕೊಂಡ ನಾಗರಿಕರು ಕನಿಷ್ಠ 13 ಮಂದಿ. ಅವರಲ್ಲಿ ಹೆಚ್ಚಿನವರು ಮಕ್ಕಳು.

ನಾನು ಬರೆಯಹೊರಟಿರುವುದು ಗಾಜಾದ ಈಚಿನ ಯುದ್ಧದ ಬಗ್ಗೆ. ಆದರೂ ಇಪ್ಪತ್ತು ವರ್ಷಕ್ಕೂ ಹಿಂದಿನ ಆ ರಾತ್ರಿಯಿಂದ ಶುರು ಮಾಡುತ್ತಿದ್ದೇನೆ. ಆ ಹದಿಮೂರು ಸಾವುಗಳು ಆಗ ಇಸ್ರೇಲನ್ನೇ ಅಲ್ಲಾಡಿಸಿದ್ದವು ಎಂಬುದನ್ನು ಇಂದು ಬಹಳ ಜನ ಮರೆತಿದ್ದಾರೆ.

ಅಂಥ ಬಾಂಬ್ ಹಾಕುವಾಗ ಪೈಲಟ್‌ಗೆ ಏನನ್ನಿಸುತ್ತದೆ ಎಂದು ಹಾರೆತ್ಸ್ ಪತ್ರಿಕೆ ಅಂದಿನ ವಾಯುಪಡೆಯ ಮುಖ್ಯಸ್ಥ ಡಾನ್ ಹಲುತ್ಸ್ ಅವರನ್ನು ಕೇಳಿತು. ಬಾಂಬ್ ಕಳಚಿಕೊಂಡಾಗ ವಿಮಾನ ಸ್ವಲ್ಪ ಅದುರುತ್ತದೆ, ಒಂದು ಸೆಕೆಂಡಿನಲ್ಲಿ ಅದೂ ಹೋಗುತ್ತದೆ ಎಂದರು ಅವರು. ಆ ಉತ್ತರ ಅವರ ದೇಶದವರನ್ನೇ ಚುಚ್ಚಿತು. ಮರುವರ್ಷ ಸೆಪ್ಟೆಂಬರಿನಲ್ಲಿ 27 ಮಂದಿ ಪೈಲಟ್‌ಗಳು ಜನವಸತಿಯ ಮೇಲೆ ಇಂಥ ದಾಳಿಗೆ ತಾವು ಹೋಗುವುದಿಲ್ಲ ಎಂದು ಬಹಿರಂಗ ಪತ್ರ ಬರೆದರು. ಸಹಿ ಹಾಕಿದವರಲ್ಲಿ ಬ್ರಿಗೇಡಿಯರ್ ಜನರಲ್ ದರ್ಜೆಯ ಹೆಸರಾಂತ ವೈಮಾನಿಕರೂ ಇದ್ದರು. ಪ್ರಕರಣ ಸುಪ್ರೀಂ ಕೋರ್ಟಿಗೆ ಹೋಯಿತು, ತನಿಖಾ ಆಯೋಗ ಬಂತು. 2011ರಲ್ಲಿ ಆ ಆಯೋಗ ಹೇಳಿದ್ದು ಹೀಗೆ: ಆದ ಹಾನಿ ಮಿತಿ ಮೀರಿದ್ದು ನಿಜ, ಆದರೆ ಅದು ಗುಪ್ತಚರ ಮಾಹಿತಿಯ ಲೋಪ, ಯಾರ ಮೇಲೂ ಕ್ರಿಮಿನಲ್ ಕ್ರಮ ಬೇಕಿಲ್ಲ. ನನಗೆ ಆ ತೀರ್ಮಾನ ಒಪ್ಪಿಗೆಯಿಲ್ಲ. ಆದರೂ ಒಂದು ದೇಶ ತನ್ನ ಶತ್ರುವಿನ ಕಡೆಯ ಹದಿಮೂರು ಜನರ ಸಾವನ್ನು ಒಂಬತ್ತು ವರ್ಷ ತಿರುವಿ ತಿರುವಿ ನೋಡಿತಲ್ಲ, ಅದು ಸಣ್ಣ ಸಂಗತಿಯೇನಲ್ಲ.

ಇದರ ನಡುವೆ, 2006ರ ಡಿಸೆಂಬರಿನಲ್ಲಿ, ಉದ್ದೇಶಿತ ಹತ್ಯೆಗಳ ಕುರಿತ ಇನ್ನೊಂದು ಮೊಕದ್ದಮೆಯಲ್ಲಿ ನ್ಯಾಯಮೂರ್ತಿ ಅಹರೋನ್ ಬರಾಕ್ ಒಂದು ಉದಾಹರಣೆ ಕೊಟ್ಟರು. ಬಂದೂಕುಧಾರಿಯೊಬ್ಬ ತನ್ನ ಮನೆಯ ಜಗಲಿಯಿಂದ ಗುಂಡು ಹಾರಿಸುತ್ತಿದ್ದಾನೆ. ಅವನಿಗೆ ಗುಂಡಿಕ್ಕಬಹುದು, ಪಕ್ಕದಲ್ಲಿದ್ದ ಅಮಾಯಕನೊಬ್ಬನಿಗೆ ಏಟು ಬಿದ್ದರೂ ಅದು ಮಿತಿಯೊಳಗೇ ಇರುತ್ತದೆ. ಆದರೆ ಅವನೊಬ್ಬನಿಗಾಗಿ ಇಡೀ ಕಟ್ಟಡದ ಮೇಲೆ ಬಾಂಬ್ ಹಾಕಿ, ಅಲ್ಲಿ ವಾಸವಿದ್ದ, ದಾರಿಯಲ್ಲಿ ಹೋಗುತ್ತಿದ್ದ ಹತ್ತಾರು ಜನರಿಗೆ ಹಾನಿಯಾದರೆ ಅದು ಮಿತಿಯೊಳಗಿಲ್ಲ. ಯುದ್ಧದ ನೀತಿಯ ಬಗ್ಗೆ ನಾನು ಓದಿದ ಮಾತುಗಳಲ್ಲಿ ಇಷ್ಟು ನಿಚ್ಚಳವಾದದ್ದು ಕಡಿಮೆ. ಅದನ್ನು ಹೇಳಿದ್ದು ಇಸ್ರೇಲಿನದೇ ಅತ್ಯುನ್ನತ ನ್ಯಾಯಪೀಠ.

ಆ ಸಂಯಮಕ್ಕೆ ಬೆಲೆಯೂ ಇತ್ತು. ಅದನ್ನು ಮುಚ್ಚಿಟ್ಟು ನೀತಿ ಮಾತಾಡುವುದು ತಪ್ಪಾಗುತ್ತದೆ. 2003ರ ಸೆಪ್ಟೆಂಬರ್ 6ರಂದು ಅಹಮದ್ ಯಾಸಿನ್, ಇಸ್ಮಾಯಿಲ್ ಹನಿಯೆ ಸೇರಿದಂತೆ ಹಮಾಸ್‌ನ ದೊಡ್ಡ ದೊಡ್ಡ ನಾಯಕರು ಗಾಜಾದ ಒಂದೇ ಮನೆಯಲ್ಲಿ ಸಭೆ ಸೇರಿದ್ದಾರೆಂಬ ಸುಳಿವು ಸಿಕ್ಕಿತು. ಒಂದು ಟನ್ ಬಾಂಬ್ ಹಾಕಿದ್ದರೆ ಕಟ್ಟಡ ನೆಲಸಮವಾಗುತ್ತಿತ್ತು, ಸುತ್ತಲಿನ ಮನೆಗಳೂ ಹೋಗುತ್ತಿದ್ದವು. ಶಹಾದೆ ಪ್ರಕರಣದ ಬಿಸಿ ಇನ್ನೂ ಆರಿರಲಿಲ್ಲ. ಕಾಲು ಟನ್ ಬಾಂಬ್ ಸಾಕು ಎಂದಾಯಿತು. ಸಭೆ ನಡೆದಿದ್ದು ನೆಲಮಹಡಿಯಲ್ಲಿ, ಬಾಂಬ್ ಮೇಲ್ಮಹಡಿಯನ್ನಷ್ಟೇ ಒಡೆಯಿತು. ಎಲ್ಲರೂ ಪಾರಾದರು. ಮೂರೇ ದಿನಕ್ಕೆ ಜೆರುಸಲೇಮಿನ ಒಂದು ಕೆಫೆಯಲ್ಲಿ ಹಮಾಸ್‌ನ ಆತ್ಮಾಹುತಿ ಬಾಂಬ್ ಸಿಡಿದು ಏಳು ಮಂದಿ ಸತ್ತರು. ಅವರಲ್ಲಿ ಒಬ್ಬರು ಅಂಥ ದಾಳಿಗಳಲ್ಲಿ ಗಾಯಗೊಂಡವರನ್ನು ಉಳಿಸುವುದರಲ್ಲೇ ಹೆಸರು ಮಾಡಿದ್ದ ತುರ್ತು ಚಿಕಿತ್ಸಾ ವೈದ್ಯ ಡೇವಿಡ್ ಆಪಲ್‌ಬಾಮ್. ಪಕ್ಕದಲ್ಲಿ ಸತ್ತಿದ್ದು ಅವರ ಮಗಳು, ಮರುದಿನ ಮದುವೆಯಾಗಬೇಕಿದ್ದವಳು. ಸಣ್ಣ ಬಾಂಬಿಗೂ ಆ ಕೆಫೆಗೂ ನೇರ ಗಂಟು ಹಾಕುವುದು ಸರಿಯಲ್ಲ. ಆದರೆ ಆ ಮದುವೆಮನೆಯ ಮುಂದೆ ನಿಂತು, 'ನಾವು ನೆರೆಮನೆಯ ಮಕ್ಕಳನ್ನು ನೆನೆದು ದೊಡ್ಡ ಬಾಂಬ್ ಹಾಕಲಿಲ್ಲ' ಎಂದು ಹೇಳುವುದು ಎಷ್ಟು ಕಷ್ಟ ಎಂದು ಯೋಚಿಸಿ. ಹನಿಯೆ ಮುಂದೆ ಹಮಾಸ್‌ನ ಮುಖ್ಯಸ್ಥನಾದ. 2023ರ ಅಕ್ಟೋಬರಿನಲ್ಲೂ ಆ ಸ್ಥಾನದಲ್ಲಿದ್ದವನು ಅವನೇ.

ಹಾಗಿದ್ದರೂ 2003ರ ಆ ನಿರ್ಧಾರ ಸರಿಯಾಗಿತ್ತು ಎಂದೇ ನಾನು ನಂಬುತ್ತೇನೆ. ನೀತಿ ಎನ್ನುವುದು ನಮಗೆ ಏನೂ ಖರ್ಚಾಗದಿದ್ದಾಗ ಮಾತ್ರ ಪಾಲಿಸುವಂಥದ್ದಾದರೆ ಅದಕ್ಕೆ ಬೇರೆ ಹೆಸರಿಡಬೇಕಾಗುತ್ತದೆ.

ಇನ್ನು 2023ರ ಅಕ್ಟೋಬರ್ 7. ಅಂದು ಬೆಳಿಗ್ಗೆ ಹಮಾಸ್ ಮತ್ತು ಅದರ ಜೊತೆಗಾರರು ಗಡಿಬೇಲಿ ಮುರಿದು ಬಂದು ಸುಮಾರು 1,200 ಜನರನ್ನು ಕೊಂದರು, 251 ಜನರನ್ನು ಒತ್ತೆಯಾಳುಗಳಾಗಿ ಎಳೆದೊಯ್ದರು. ಸತ್ತವರಲ್ಲಿ ಬಹುಪಾಲು ನಾಗರಿಕರು. ಸಂಗೀತ ಉತ್ಸವಕ್ಕೆ ಬಂದಿದ್ದ ಹುಡುಗ ಹುಡುಗಿಯರನ್ನು ಬೆನ್ನಟ್ಟಿ ಕೊಂದರು. ನೀರ್ ಓಝ್ ಎಂಬ ಪುಟ್ಟ ಸಾಮೂಹಿಕ ಕೃಷಿ ಗ್ರಾಮದಲ್ಲಿ, ಅಂದರೆ ಕಿಬ್ಬುಟ್ಸ್‌ನಲ್ಲಿ ನಾಲ್ವರಲ್ಲಿ ಒಬ್ಬರು ಸತ್ತರು ಇಲ್ಲವೇ ಅಪಹರಣಕ್ಕೊಳಗಾದರು. ಅಲ್ಲಿಂದ ತಾಯಿಯ ಜೊತೆ ಎಳೆದೊಯ್ದ ಒಂಬತ್ತು ತಿಂಗಳ ಕೂಸು, ನಾಲ್ಕು ವರ್ಷದ ಅದರ ಅಣ್ಣ ಹೆಣವಾಗಿ ಮರಳಿದರು. ಅಲುಮಿಮ್ ಎಂಬಲ್ಲಿ ಕೃಷಿ ಕಲಿಯಲು, ನಾಲ್ಕು ಕಾಸು ಸಂಪಾದಿಸಲು ಬಂದಿದ್ದ ನೇಪಾಳದ ಹತ್ತು ಮಂದಿ ವಿದ್ಯಾರ್ಥಿಗಳನ್ನು ಕೊಂದರು. ಥಾಯ್ಲೆಂಡಿನ ತೋಟದ ಕೆಲಸಗಾರರನ್ನು ಕೊಂದರು. ಇಸ್ರೇಲ್ ಹೇರಿದ್ದ ದಿಗ್ಬಂಧನಕ್ಕೆ ಇದು ಉತ್ತರ ಎನ್ನುವವರಿದ್ದಾರೆ. ಇವರಲ್ಲಿ ಯಾರು ಗಾಜಾವನ್ನು ದಿಗ್ಬಂಧನದಲ್ಲಿಟ್ಟಿದ್ದರು?

ಬೆಯೇರಿ ಕಿಬ್ಬುಟ್ಸ್‌ನ ವಿವಿಯನ್ ಸಿಲ್ವರ್‌ಗೆ ಆಗ 74 ವರ್ಷ. ಯಹೂದಿ ಮತ್ತು ಅರಬ್ ಹೆಂಗಸರನ್ನು ಸೇರಿಸಿ ಶಾಂತಿಗಾಗಿ ಸಂಘಟನೆ ಕಟ್ಟಿದವರಲ್ಲಿ ಅವರೂ ಒಬ್ಬರು. ಗಾಜಾದ ರೋಗಿಗಳನ್ನು ಗಡಿಯಿಂದ ತಮ್ಮ ಕಾರಿನಲ್ಲಿ ಕೂರಿಸಿಕೊಂಡು ಇಸ್ರೇಲಿನ ಆಸ್ಪತ್ರೆಗಳಿಗೆ ಕರೆದೊಯ್ಯುತ್ತಿದ್ದರು. ಅವರು ಒತ್ತೆಯಾಳಾಗಿರಬಹುದು ಎಂದು ಮನೆಯವರು ವಾರಗಟ್ಟಲೆ ಕಾದರು. ಅವರು ಅಂದೇ ತಮ್ಮ ಮನೆಯಲ್ಲೇ ಸತ್ತಿದ್ದರು ಎಂಬುದು ನವೆಂಬರಿನಲ್ಲಿ ಗೊತ್ತಾಯಿತು. ಆಕ್ರಮಣಕ್ಕೆ ಒಳಗಾದವರಿಗೆ ಪ್ರತಿರೋಧದ ಹಕ್ಕಿದೆ ಎನ್ನುವವರ ಜೊತೆ ನಾನೂ ಇದ್ದೇನೆ. ಆದರೆ ಹಮಾಸ್ ಅಂದು ಮಾಡಿದ್ದನ್ನು ಪ್ರತಿರೋಧ ಎಂದು ಕರೆಯಲು ಹೊರಟವರು ಈ ಹೆಂಗಸಿನ ಮನೆಯ ಬಾಗಿಲಲ್ಲಿ ನಿಂತು ಆ ಮಾತು ಹೇಳಬೇಕು.

ಅಂದೇ ಮಧ್ಯಾಹ್ನ ಇಸ್ರೇಲಿನ ಸೇನೆಯಲ್ಲಿ ಒಂದು ಆದೇಶ ಹೊರಟಿತು ಎಂದು ನ್ಯೂಯಾರ್ಕ್ ಟೈಮ್ಸ್ 2024ರ ಡಿಸೆಂಬರಿನಲ್ಲಿ ವಿವರವಾಗಿ ವರದಿ ಮಾಡಿತು. ಮಧ್ಯಮ ದರ್ಜೆಯ ಅಧಿಕಾರಿಗಳು ಕೂಡ ಒಂದೊಂದು ದಾಳಿಯಲ್ಲಿ 20 ನಾಗರಿಕರ ಜೀವವನ್ನು ಪಣಕ್ಕಿಡಬಹುದು ಎಂಬುದು ಆ ಆದೇಶ. ಗುರಿ ದೊಡ್ಡ ನಾಯಕನೇ ಆಗಬೇಕಿಲ್ಲ, ಸಾಮಾನ್ಯ ಹೋರಾಟಗಾರನಾದರೂ ಸಾಕು. ಅದಕ್ಕೂ ಮುಂಚೆ ಇಸ್ರೇಲಿನದೇ ಪತ್ರಕರ್ತರು, ಹೆಸರು ಹೇಳಲೊಲ್ಲದ ಗುಪ್ತಚರ ಅಧಿಕಾರಿಗಳ ಮಾತು ಆಧರಿಸಿ, ದೊಡ್ಡ ಕಮಾಂಡರನಾದರೆ ಈ ಅಂಕಿ ನೂರನ್ನೂ ದಾಟುತ್ತಿತ್ತು ಎಂದು ಬರೆದಿದ್ದರು.

ಕಾಗದದ ಮೇಲಿನ ಅಂಕಿ ನೆಲಕ್ಕಿಳಿದಾಗ ಹೇಗಿತ್ತು? 2023ರ ಅಕ್ಟೋಬರ್ 31ರಂದು ಜಬಾಲಿಯಾ ನಿರಾಶ್ರಿತರ ಶಿಬಿರದ ಮೇಲೆ ಬಾಂಬುಗಳು ಬಿದ್ದವು. ಗುರಿ ಇಬ್ರಾಹಿಂ ಬಿಯಾರಿ ಎಂಬ ಹಮಾಸ್ ಕಮಾಂಡರ್. ನಾಗರಿಕ ಸಾವುಗಳನ್ನು ಒಂದೊಂದಾಗಿ ದಾಖಲಿಸುವ ಏರ್‌ವಾರ್ಸ್ ಸಂಸ್ಥೆ ಅಲ್ಲಿ ನೂರಕ್ಕೂ ಹೆಚ್ಚು ನಾಗರಿಕರು ಸತ್ತಿದ್ದನ್ನು ಗುರುತಿಸಿತು. 2024ರ ಜುಲೈ 13ರಂದು ಹಮಾಸ್‌ನ ಸಶಸ್ತ್ರ ಪಡೆಯ ಮುಖ್ಯಸ್ಥ ಮೊಹಮ್ಮದ್ ದೈಫ್‌ನನ್ನು ಕೊಲ್ಲಲು ಅಲ್ ಮವಾಸಿಯ ಮೇಲೆ ದಾಳಿಯಾಯಿತು. ಇಲ್ಲಿಗೆ ಹೋಗಿ, ಇಲ್ಲಿ ಸುರಕ್ಷಿತವಾಗಿರುತ್ತೀರಿ ಎಂದು ಇಸ್ರೇಲೇ ಜನರನ್ನು ಕಳುಹಿಸಿದ್ದ ಪ್ರದೇಶ ಅದು. ಗಾಜಾದ ಆರೋಗ್ಯ ಸಚಿವಾಲಯದ ಪ್ರಕಾರ ಅಂದು ಸತ್ತವರು ಕನಿಷ್ಠ 90. ಒಬ್ಬನಿಗೆ ಹದಿಮೂರು ಎಂದು ಬೆಚ್ಚಿದ್ದ ದೇಶದಲ್ಲಿ ಒಬ್ಬನಿಗೆ ನೂರು ಎಂಬುದು ಒಂದು ದಿನದ ಸುದ್ದಿಯಾಯಿತು. ಸೋಲು, ಭಯ, ಅವಮಾನ ಎಲ್ಲವೂ ಸೇರಿದ್ದ ಅಂಥ ಹೊತ್ತಿನಲ್ಲಿ ಯಾವ ದೇಶವೂ ಹೀಗೇ ಮಾಡುತ್ತಿತ್ತು ಎನ್ನುತ್ತಾರೆ. ಇರಬಹುದು. ಆದರೆ ಮನಸ್ಸು ಕೆಟ್ಟ ಹೊತ್ತಿನಲ್ಲಿ ಕೈ ಹಿಡಿಯಲೆಂದೇ ಅಲ್ಲವೇ ಬರಾಕ್ ಆ ಸಾಲುಗಳನ್ನು ಬರೆದಿದ್ದು?

'ನಾವು ನಾಗರಿಕರನ್ನು ಕೊಲ್ಲಬೇಕೆಂದು ಕೊಲ್ಲುವುದಿಲ್ಲ, ಅವರು ಅಡ್ಡ ಬರುತ್ತಾರೆ' ಎಂಬ ವಾದ ಹಳೆಯದು. ಅದರಲ್ಲಿ ಹುರುಳಿಲ್ಲ ಎಂದು ನಾನು ಹೇಳುವುದಿಲ್ಲ. ಹುಡುಕಿ ಕೊಲ್ಲುವವನಿಗೂ, ಗುರಿಯ ಪಕ್ಕದವನಿಗೆ ಏಟು ಬೀಳಬಹುದೆಂದು ಗೊತ್ತಿದ್ದೂ ಹೊಡೆಯುವವನಿಗೂ ವ್ಯತ್ಯಾಸವಿದೆ. ಆದರೆ ಎಷ್ಟು ಸಲ? ಇಷ್ಟು ಜನ ಸಾಯುತ್ತಾರೆ ಎಂದು ಮೊದಲೇ ಎಣಿಸಿ, ಆ ಅಂಕಿಗೆ ಒಪ್ಪಿಗೆ ಕೊಟ್ಟು, ದಿನಕ್ಕೆ ನೂರಾರು ಸಲ ಅದನ್ನೇ ಮಾಡಿದ ಮೇಲೆ ಉದ್ದೇಶವಿರಲಿಲ್ಲ ಎಂಬ ಮಾತಿಗೆ ಎಷ್ಟು ಬಲ ಉಳಿಯುತ್ತದೆ?

ಈ ವಾದ ಇಸ್ರೇಲಿನ ಚಿಂತಕರ ನಡುವೆಯೇ ಬಹಳ ಗಂಭೀರವಾಗಿ ನಡೆದಿದೆ. ತತ್ವಶಾಸ್ತ್ರಜ್ಞ ಆಸಾ ಕಾಶೆರ್ ಮತ್ತು ಸೇನಾಧಿಕಾರಿ ಅಮೋಸ್ ಯಾದ್ಲಿನ್ 2005ರಲ್ಲಿ ಒಂದು ನಿಲುವು ಮಂಡಿಸಿದರು. ತನ್ನ ಹಿಡಿತದಲ್ಲಿಲ್ಲದ ಪ್ರದೇಶದಲ್ಲಿ ದೇಶವೊಂದು ಹೋರಾಡುವಾಗ ಅಲ್ಲಿನ ನಾಗರಿಕರಿಗಿಂತ ತನ್ನ ಸೈನಿಕರ ಜೀವಕ್ಕೆ ಹೆಚ್ಚು ಬೆಲೆ ಕೊಡಬಹುದು ಎಂಬುದು ಅದರ ಸಾರ. 2009ರಲ್ಲಿ ಅಮೆರಿಕದ ಚಿಂತಕ ಮೈಕೆಲ್ ವಾಲ್ಜರ್ ಮತ್ತು ಇಸ್ರೇಲಿನ ಅವಿಶಾಯ್ ಮಾರ್ಗಲಿತ್ ಇದಕ್ಕೆ ಉತ್ತರ ಬರೆದರು. ಇಬ್ಬರೂ ಇಸ್ರೇಲಿನ ಹಿತೈಷಿಗಳೇ. ಅವರು ಹೇಳಿದ್ದು: ಲೆಬನಾನ್ ಗಡಿಯ ಒಂದು ಕಿಬ್ಬುಟ್ಸ್ ಹಿಜ್ಬುಲ್ಲಾದ ಕೈಗೆ ಸಿಕ್ಕಿದೆ ಎಂದುಕೊಳ್ಳಿ. ಒಳಗೆ ಸಿಕ್ಕಿಬಿದ್ದಿರುವವರು ಇಸ್ರೇಲಿಗರು. ಈಗ ಅದೇ ಜಾಗದಲ್ಲಿ ವಿದೇಶಿ ಸ್ವಯಂಸೇವಕರು ಇದ್ದಾರೆ ಎಂದುಕೊಳ್ಳಿ. ಆಮೇಲೆ ಲೆಬನಾನಿನ ಹಳ್ಳಿಗರು. ನಿಮ್ಮವರು ಒಳಗಿದ್ದರೆ ನಿಮ್ಮ ಸೈನಿಕರು ಎಷ್ಟು ಎಚ್ಚರ ವಹಿಸುತ್ತಿದ್ದರೋ ಉಳಿದವರ ವಿಷಯದಲ್ಲೂ ಅಷ್ಟೇ ಎಚ್ಚರ ವಹಿಸಬೇಕು.

ಪುಸ್ತಕದ ಪ್ರಶ್ನೆ ಎಂದುಕೊಂಡಿದ್ದು 2023ರ ಡಿಸೆಂಬರ್ 15ರಂದು ಗಾಜಾದ ಶುಜಾಯಿಯಾದ ಬೀದಿಗೆ ಬಂತು. ಮೂವರು ಗಂಡಸರು ಅಂಗಿ ಬಿಚ್ಚಿ, ಕೋಲಿಗೆ ಬಿಳಿ ಬಟ್ಟೆ ಕಟ್ಟಿಕೊಂಡು ಇಸ್ರೇಲಿ ಸೈನಿಕರತ್ತ ನಡೆದು ಬಂದರು. ಸೈನಿಕರು ಗುಂಡು ಹಾರಿಸಿದರು. ಇಬ್ಬರು ಅಲ್ಲೇ ಬಿದ್ದರು. ಗಾಯಗೊಂಡ ಮೂರನೆಯವನು ಕಟ್ಟಡದೊಳಗೆ ಓಡಿ ಹೀಬ್ರೂ ಭಾಷೆಯಲ್ಲಿ ಕಾಪಾಡಿ ಎಂದು ಕೂಗಿದ. ಗುಂಡು ನಿಲ್ಲಿಸಲು ಆದೇಶ ಬಂದಿತ್ತು. ಅವನು ಮತ್ತೆ ಹೊರಗೆ ಬಂದಾಗ ಅವನೂ ಗುಂಡಿಗೆ ಬಲಿಯಾದ. ಮೂವರೂ ಹಮಾಸ್‌ನ ಕೈಯಿಂದ ಹೇಗೋ ತಪ್ಪಿಸಿಕೊಂಡಿದ್ದ ಇಸ್ರೇಲಿ ಒತ್ತೆಯಾಳುಗಳು. ದೇಶವೆಲ್ಲ ಕಣ್ಣೀರಿಟ್ಟಿತು, ಬೀದಿಗಿಳಿಯಿತು. ಇದು ನಿಯಮ ಉಲ್ಲಂಘನೆ ಎಂದು ಸೇನೆ ಒಪ್ಪಿಕೊಂಡಿತು. ಆ ಮೂವರು ಪ್ಯಾಲೆಸ್ತೀನಿಯರಾಗಿದ್ದರೆ? ಬಿಳಿ ಬಟ್ಟೆ ಹಿಡಿದು ಬಂದ ಮೂವರು ಗಂಡಸರು ಅಂದು ಸತ್ತರು ಎಂಬ ಒಂದು ಸಾಲೂ ನಮಗೆ ತಲುಪುತ್ತಿರಲಿಲ್ಲ. ವಾಲ್ಜರ್, ಮಾರ್ಗಲಿತ್ ಹೇಳಿದ ಎಚ್ಚರ ಇದೇ: ಎದುರಿಗೆ ಬರುತ್ತಿರುವವನು ನಮ್ಮವನಾಗಿದ್ದರೆ ಏನು ಮಾಡುತ್ತಿದ್ದೆ ಎಂಬ ಪ್ರಶ್ನೆ ಗುಂಡು ಹಾರುವ ಮುಂಚೆ ಬರಬೇಕು.

2024ರ ಜೂನ್ 8ರಂದು ನುಸೈರಾತ್ ಶಿಬಿರದಿಂದ ನಾಲ್ವರು ಒತ್ತೆಯಾಳುಗಳನ್ನು ಬಿಡಿಸಿ ತಂದಾಗಲೂ ಇದೇ ಪ್ರಶ್ನೆ ನನ್ನನ್ನು ಕಾಡಿತು. ಆ ನಾಲ್ವರು ಮನೆಗೆ ಬಂದದ್ದು ಸಂತೋಷವೇ. ಅವರ ಮುಖ ಟಿವಿಯಲ್ಲಿ ನೋಡಿ ನನಗೂ ಕಣ್ಣು ತುಂಬಿತು. ಆ ಕಾರ್ಯಾಚರಣೆಯಲ್ಲಿ 274 ಪ್ಯಾಲೆಸ್ತೀನಿಯರು ಸತ್ತರೆಂದು ಗಾಜಾದ ಆರೋಗ್ಯ ಸಚಿವಾಲಯ ಹೇಳಿತು. ಸತ್ತವರ ಸಂಖ್ಯೆ ನೂರಕ್ಕಿಂತ ಕಡಿಮೆ ಎಂದಿತು ಇಸ್ರೇಲಿನ ಸೇನೆ. ಕಡಿಮೆ ಅಂಕಿಯನ್ನೇ ಹಿಡಿದರೂ ಎದೆ ಹಗುರವಾಗುವುದಿಲ್ಲ. ಒತ್ತೆಯಾಳುಗಳನ್ನು ಜನ ತುಂಬಿದ ಬೀದಿಯ ಮನೆಗಳಲ್ಲಿ ಇಟ್ಟಿದ್ದು ಹಮಾಸ್. ಆ ಪಾಪದಲ್ಲಿ ಅದಕ್ಕೆ ದೊಡ್ಡ ಪಾಲಿದೆ.

ಹಮಾಸ್‌ನ ಆ ಪಾಲನ್ನು ಇನ್ನೂ ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಪ್ಯಾಲೆಸ್ತೀನಿನ ಪರ ಮಾತಾಡುವ ನನ್ನ ಗೆಳೆಯರು ಇಲ್ಲಿ ದನಿ ತಗ್ಗಿಸುತ್ತಾರೆ. ನೂರಾರು ಕಿಲೋಮೀಟರ್ ಸುರಂಗ ತೋಡಿದ ಸಂಘಟನೆ ಜನಸಾಮಾನ್ಯರಿಗಾಗಿ ಒಂದು ಬಾಂಬ್ ಆಶ್ರಯವನ್ನೂ ಕಟ್ಟಲಿಲ್ಲ. ಸುರಂಗಗಳು ಹೋರಾಟಗಾರರ ರಕ್ಷಣೆಗೆ, ಗಾಜಾದ ಜನರಲ್ಲಿ ಹೆಚ್ಚಿನವರು ನಿರಾಶ್ರಿತರು, ಅವರನ್ನು ಕಾಯುವುದು ವಿಶ್ವಸಂಸ್ಥೆಯ ಕೆಲಸ ಎಂದು ಅದರ ಹಿರಿಯ ನಾಯಕ ಮೂಸಾ ಅಬು ಮರ್ಝೂಕ್ ಯುದ್ಧ ಶುರುವಾದ ತಿಂಗಳಲ್ಲೇ ಹೇಳಿದ. ತನ್ನ ಜನರ ಬಗ್ಗೆ ಹೀಗೆ ಮಾತಾಡುವವರನ್ನು ವಿಮೋಚಕರು ಎಂದು ಕರೆಯಲು ನನಗೆ ಬಾಯಿ ಬರುವುದಿಲ್ಲ.

ಆದರೆ ಹಮಾಸ್‌ನ ಅಪರಾಧದಿಂದ ಗಾಜಾದ ಮಗುವಿನ ರಕ್ಷಣೆ ರದ್ದಾಗುವುದಿಲ್ಲ. ಇದು ಭಾವುಕತೆಯ ಮಾತಲ್ಲ, ಕಾನೂನು. 1949ರ ನಾಲ್ಕನೆಯ ಜಿನೀವಾ ಒಪ್ಪಂದದ 33ನೆಯ ವಿಧಿ ತಾನು ಮಾಡದ ಅಪರಾಧಕ್ಕೆ ಯಾರನ್ನೂ ಶಿಕ್ಷಿಸಬಾರದು ಎನ್ನುತ್ತದೆ, ಸಾಮೂಹಿಕ ದಂಡನೆಯನ್ನು ನಿಷೇಧಿಸುತ್ತದೆ. ಇಸ್ರೇಲ್ 1951ರಲ್ಲೇ ಇದಕ್ಕೆ ಬದ್ಧವಾಯಿತು. ಒಂದು ಕಡೆಯವರು ನಿಯಮ ಮುರಿದರೆ ಇನ್ನೊಂದು ಕಡೆಯವರಿಗೆ ನಾಗರಿಕರ ವಿಷಯದಲ್ಲಿ ಬಿಡುಗಡೆ ಸಿಗುವುದಿಲ್ಲ ಎಂಬುದೂ ಯುದ್ಧದ ಕಾನೂನಿನ ಗಟ್ಟಿ ತತ್ವ.

2023ರ ಅಕ್ಟೋಬರಿನಲ್ಲಿ ಇಸ್ರೇಲಿನ ಅಧ್ಯಕ್ಷ ಐಸಾಕ್ ಹರ್ಜೋಗ್ ಅಲ್ಲಿರುವ ಇಡೀ ಜನಾಂಗವೇ ಇದಕ್ಕೆ ಹೊಣೆ, ಜನ ಹಮಾಸ್ ವಿರುದ್ಧ ದಂಗೆ ಏಳಬಹುದಿತ್ತು ಎಂಬ ಅರ್ಥದ ಮಾತಾಡಿದರು. ನಾಗರಿಕರನ್ನು ಗುರಿ ಮಾಡಬೇಕೆಂದು ತಾನು ಹೇಳಿಲ್ಲ ಎಂದು ಸ್ಪಷ್ಟನೆಯನ್ನೂ ಕೊಟ್ಟರು. ಆದರೆ ಹಾರಿಬಿಟ್ಟ ಮಾತು ಹಾರಿಹೋಗಿತ್ತು. ಇತ್ತ ಹಮಾಸ್‌ನ ನಾಯಕರು ಎರಡು ದಶಕಗಳಿಂದ ಇಸ್ರೇಲಿನಲ್ಲಿ ನಾಗರಿಕರೇ ಇಲ್ಲ, ಎಲ್ಲರೂ ಸೈನಿಕರು ಇಲ್ಲವೇ ಮೀಸಲು ಸೈನಿಕರು ಎನ್ನುತ್ತ ಬಂದಿದ್ದಾರೆ. ಎರಡೂ ಒಂದೇ ಮಾತು. ಗಾಜಾದಲ್ಲಿ ಶಾಸನಸಭೆಗೆ ಕೊನೆಯ ಚುನಾವಣೆ ನಡೆದಿದ್ದು 2006ರಲ್ಲಿ. ಹಮಾಸ್‌ಗೆ ಆಗ ಬಂದಿದ್ದು ಸುಮಾರು ಶೇ. 44 ಮತ. ಯುದ್ಧ ಶುರುವಾದಾಗ ಗಾಜಾದ ಜನಸಂಖ್ಯೆಯ ಹೆಚ್ಚುಕಡಿಮೆ ಅರ್ಧದಷ್ಟು ಮಂದಿ ಹದಿನೆಂಟು ತುಂಬದ ಮಕ್ಕಳು. ಆ ಮತ ಬಿದ್ದಾಗ ಅವರಲ್ಲಿ ಬಹುತೇಕರು ಹುಟ್ಟಿರಲೇ ಇಲ್ಲ.

ಗಾಜಾದ ಆರೋಗ್ಯ ಸಚಿವಾಲಯ ಹೆಸರು, ವಯಸ್ಸು, ಗುರುತಿನ ಸಂಖ್ಯೆಗಳ ಸಮೇತ ಸತ್ತವರ ಪಟ್ಟಿ ಹೊರಡಿಸುತ್ತ ಬಂದಿದೆ. ಅಮೆರಿಕದ ಅಂದಿನ ಅಧ್ಯಕ್ಷ ಬೈಡನ್ ಆ ಸಂಖ್ಯೆಗಳ ಮೇಲೆ ನನಗೆ ನಂಬಿಕೆಯಿಲ್ಲ ಎಂದ ಮರುದಿನ, 2023ರ ಅಕ್ಟೋಬರ್ 26ರಂದು, ಮೊದಲ ಪಟ್ಟಿ ಬಂತು. 2025ರ ಕೊನೆಯ ಹೊತ್ತಿಗೆ ಲೆಕ್ಕ 70 ಸಾವಿರ ದಾಟಿತು. ಹೋರಾಟಗಾರರು ಯಾರು, ನಾಗರಿಕರು ಯಾರು ಎಂದು ಅದು ಬೇರ್ಪಡಿಸುವುದಿಲ್ಲ. ವಯಸ್ಸಿನ ಕ್ರಮದಲ್ಲಿ ಜೋಡಿಸಿದ ಪಟ್ಟಿಯ ಮೊದಲ ಹಲವು ಪುಟಗಳಲ್ಲಿ ಇರುವುದು ಒಂದು ವರ್ಷ ತುಂಬದ ಕೂಸುಗಳ ಹೆಸರುಗಳು. ಆ ಪುಟಗಳ ಮಟ್ಟಿಗೆ ಬೇರ್ಪಡಿಸುವ ಅಗತ್ಯವೂ ಇಲ್ಲ.

ಬಾಂಬುಗಳ ವಿಷಯದಲ್ಲಿ ಇಷ್ಟೆಲ್ಲ ವಾದ ಸಾಧ್ಯ. ಸುರಂಗ ಎಲ್ಲಿತ್ತು, ಕಮಾಂಡರ್ ಒಳಗಿದ್ದನೇ, ಎಚ್ಚರಿಕೆ ಕೊಟ್ಟಿದ್ದರೇ ಎಂದು ಚರ್ಚಿಸಬಹುದು. ಹಸಿವಿನ ವಿಷಯದಲ್ಲಿ ಇದಾವುದೂ ನಡೆಯುವುದಿಲ್ಲ. 2023ರ ಅಕ್ಟೋಬರ್ 9ರಂದು ಇಸ್ರೇಲಿನ ಅಂದಿನ ರಕ್ಷಣಾ ಸಚಿವ ಯೋವ್ ಗಲ್ಲಾಂತ್ ಗಾಜಾಕ್ಕೆ ಸಂಪೂರ್ಣ ಮುತ್ತಿಗೆ, ವಿದ್ಯುತ್ ಇಲ್ಲ, ಆಹಾರ ಇಲ್ಲ, ಇಂಧನ ಇಲ್ಲ ಎಂದು ಕ್ಯಾಮೆರಾ ಮುಂದೆ ಘೋಷಿಸಿದರು. ನಾವು ಮನುಷ್ಯರೂಪದ ಮೃಗಗಳ ಜೊತೆ ಹೋರಾಡುತ್ತಿದ್ದೇವೆ ಎಂದರು. 2025ರ ಮಾರ್ಚ್ 2ರಿಂದ ಸುಮಾರು ಹನ್ನೊಂದು ವಾರ ಇಸ್ರೇಲ್ ಗಾಜಾದೊಳಗೆ ಅಕ್ಕಿ, ಹಿಟ್ಟು, ಔಷಧಿ ಯಾವುದನ್ನೂ ಬಿಡಲಿಲ್ಲ. ಆಮೇಲೆ ಶುರುವಾದ ಹೊಸ ವಿತರಣಾ ವ್ಯವಸ್ಥೆಯ ಸುತ್ತ ಮತ್ತು ಆಹಾರದ ಲಾರಿಗಳ ದಾರಿಯಲ್ಲಿ ಎರಡೇ ತಿಂಗಳಲ್ಲಿ ಸಾವಿರಕ್ಕೂ ಹೆಚ್ಚು ಜನ ಸತ್ತರೆಂದು ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಕಚೇರಿ ದಾಖಲಿಸಿತು. ಆಗಸ್ಟ್ 22ರಂದು ಗಾಜಾ ನಗರ ಪ್ರಾಂತ್ಯದಲ್ಲಿ ಕ್ಷಾಮವಿದೆ ಎಂದು ಐಪಿಸಿ ಘೋಷಿಸಿತು. ಹಸಿವನ್ನು ಅಳೆಯಲು ಜಗತ್ತು ಒಪ್ಪಿಕೊಂಡಿರುವ ವ್ಯವಸ್ಥೆ ಅದು. ಐದು ಲಕ್ಷಕ್ಕೂ ಹೆಚ್ಚು ಜನ ಹಸಿವಿನ ಕಡೆಯ ಹಂತದಲ್ಲಿದ್ದರು. ಇಸ್ರೇಲ್ ಅದನ್ನು ಸುಳ್ಳೆಂದಿತು.

ಆಹಾರವನ್ನು ಹಮಾಸ್ ಕದಿಯುತ್ತದೆ ಎಂಬುದು ಆಹಾರ ತಡೆದಿದ್ದಕ್ಕೆ ಇಸ್ರೇಲ್ ಕೊಟ್ಟ ಕಾರಣ. ಕದ್ದಿತು ಎಂದೇ ಇಟ್ಟುಕೊಳ್ಳೋಣ. ಹೆಚ್ಚು ಆಹಾರ ಬಿಟ್ಟರೆ ಕದ್ದದ್ದಕ್ಕೆ ಬೆಲೆ ಇಳಿಯುತ್ತದೆ, ತಡೆದರೆ ಏರುತ್ತದೆ. ಬರ ನೋಡಿದ ಯಾವ ಊರಿನ ದಿನಸಿ ಅಂಗಡಿಯವರಾದರೂ ಹೇಳುತ್ತಾರೆ. ಮುತ್ತಿಗೆಯಲ್ಲಿ ಬಂದೂಕು ಹಿಡಿದವನಿಗೆ ಅನ್ನ ಕೊನೆಗೆ ತಪ್ಪುತ್ತದೆ, ಬಾಣಂತಿಗೆ ಮೊದಲು ತಪ್ಪುತ್ತದೆ. ಹಸಿವು ಯಾರ ಪಕ್ಕದವರಿಗೂ ಆಕಸ್ಮಿಕವಾಗಿ ತಗಲುವ ಏಟಲ್ಲ. ಈ ಯುದ್ಧದ ನೀತಿಯ ಬಗ್ಗೆ ನನಗೆ ಇದ್ದ ಎಲ್ಲ ಅಳುಕು ಇಲ್ಲಿಗೆ ಮುಗಿಯಿತು. 2024ರ ನವೆಂಬರ್ 21ರಂದು ಅಂತರರಾಷ್ಟ್ರೀಯ ಕ್ರಿಮಿನಲ್ ನ್ಯಾಯಾಲಯ ನೆತನ್ಯಾಹು ಮತ್ತು ಗಲ್ಲಾಂತ್ ವಿರುದ್ಧ ಹೊರಡಿಸಿದ ಬಂಧನ ವಾರಂಟಿನಲ್ಲಿ ಹಸಿವನ್ನು ಯುದ್ಧದ ವಿಧಾನವಾಗಿ ಬಳಸಿದ ಆರೋಪವೂ ಇದೆ. ಅದೇ ದಿನ ದೈಫ್‌ನ ಮೇಲೂ ಕೊಲೆ, ಅತ್ಯಾಚಾರ, ಒತ್ತೆಸೆರೆಯ ಆರೋಪಗಳಿಗೆ ವಾರಂಟ್ ಹೊರಟಿತು. ಎರಡನ್ನೂ ಒಂದೇ ದಿನ ಹೊರಡಿಸಿದ್ದಕ್ಕೆ ಎರಡೂ ಕಡೆಯವರು ಕೋಪಗೊಂಡರು. ನನಗೆ ಅದು ಸರಿಯೆನಿಸಿತು. ಎರಡೂ ಅಪರಾಧಗಳು ಒಂದೇ ಅಳತೆಯವಲ್ಲ, ಸತ್ತವರ ಸಂಖ್ಯೆಯಲ್ಲೂ ಅಲ್ಲ, ಬಲದಲ್ಲೂ ಅಲ್ಲ. ಅವು ಸಮ ಎಂದು ತೋರಿಸದೆಯೂ ಎರಡನ್ನೂ ಅಪರಾಧ ಎನ್ನಬಹುದು.

ನಮ್ಮ ಕರಾವಳಿಗೆ ಇದು ದೂರದ ಸುದ್ದಿಯಲ್ಲ. ಮಂಗಳೂರು, ಉಡುಪಿ ಕಡೆಯಿಂದ ಬಹಳಷ್ಟು ಮಂದಿ ಇಸ್ರೇಲಿನಲ್ಲಿ ಮುದುಕರ ಆರೈಕೆ ಮಾಡುತ್ತಾರೆ. ಸೈರನ್ ಕೂಗಿದಾಗ ಗಾಲಿಕುರ್ಚಿಯ ಅಜ್ಜಿಯನ್ನು ತಳ್ಳಿಕೊಂಡು ಸುರಕ್ಷಿತ ಕೋಣೆಗೆ ಓಡುವುದು ಅವರ ಕೆಲಸದ ಭಾಗ. ಗಾಜಾ ಗಡಿಯ ಊರುಗಳಲ್ಲಿ ಅದಕ್ಕೆ ಸಿಗುವುದು ಹದಿನೈದು ಸೆಕೆಂಡು. ಅಕ್ಟೋಬರ್ 7ರಂದು ನೀರ್ ಓಝ್‌ನಲ್ಲಿ ಕೇರಳದ ಇಬ್ಬರು ಹೆಂಗಸರು ಆ ಕೋಣೆಯ ಬಾಗಿಲ ಹಿಡಿಕೆಯನ್ನು ಗಂಟೆಗಟ್ಟಲೆ ಬಿಗಿಹಿಡಿದು ತಾವು ನೋಡಿಕೊಳ್ಳುತ್ತಿದ್ದ ವೃದ್ಧ ದಂಪತಿಯನ್ನು ಉಳಿಸಿದರು. 2024ರ ಮೇ 13ರಂದು ರಫಾದಲ್ಲಿ ವಿಶ್ವಸಂಸ್ಥೆಯ ಗುರುತಿದ್ದ ವಾಹನದಲ್ಲಿ ಹೋಗುತ್ತಿದ್ದ ನಮ್ಮ ಸೇನೆಯ ನಿವೃತ್ತ ಕರ್ನಲ್ ವೈಭವ್ ಕಾಳೆ ಸತ್ತರು. ಗುಂಡು ಬಂದಿದ್ದು ಟ್ಯಾಂಕಿನಿಂದ ಎಂದು ವಿಶ್ವಸಂಸ್ಥೆ ಹೇಳಿತು, ಆ ಪ್ರದೇಶದಲ್ಲಿ ಟ್ಯಾಂಕ್ ಇದ್ದಿದ್ದು ಇಸ್ರೇಲಿನ ಬಳಿ ಮಾತ್ರ. ಎರಡೂ ಕಡೆ ಸತ್ತವರಲ್ಲಿ, ಉಳಿಸಿದವರಲ್ಲಿ ನಮ್ಮವರು ಇರುವಾಗ, ನಮ್ಮ ವಾಟ್ಸಾಪ್ ಗುಂಪುಗಳಲ್ಲಿ ಜನ ಮತ್ತೊಬ್ಬರ ಮಗುವಿನ ಹೆಣದ ಚಿತ್ರಕ್ಕೆ ಚಪ್ಪಾಳೆಯ ಗುರುತು ಒತ್ತುವುದನ್ನು ನೋಡಿದಾಗ ನಿಜಕ್ಕೂ ಹೆದರಿಕೆಯಾಗುತ್ತದೆ. ನಮ್ಮ ಜಾತಿ ಧರ್ಮದ ಜಗಳವನ್ನು ಅಲ್ಲಿಗೆ ಕೊಂಡೊಯ್ದು ಆಡುತ್ತಿದ್ದೇವೆ.

ಭಾರತ 1988ರಲ್ಲೇ ಪ್ಯಾಲೆಸ್ತೀನನ್ನು ದೇಶವೆಂದು ಮಾನ್ಯ ಮಾಡಿತು. 2023ರ ಅಕ್ಟೋಬರಿನಲ್ಲಿ ವಿಶ್ವಸಂಸ್ಥೆಯ ಮಹಾಸಭೆಯಲ್ಲಿ ಕದನವಿರಾಮದ ನಿರ್ಣಯ ಬಂದಾಗ ಮತ ಹಾಕದೆ ಉಳಿಯಿತು, ಡಿಸೆಂಬರಿನಲ್ಲಿ ಪರವಾಗಿ ಹಾಕಿತು, 2025ರ ಜೂನಿನಲ್ಲಿ ಮತ್ತೆ ಹಿಂದೆ ಸರಿಯಿತು. ಆಗ ಗಾಜಾದಲ್ಲಿ ಹಸಿವು ಮುಗಿಲು ಮುಟ್ಟಿತ್ತು. ಇಸ್ರೇಲಿಗೆ ಶಸ್ತ್ರಾಸ್ತ್ರ ರಫ್ತು ನಿಲ್ಲಿಸಿ ಎಂದು ಕೇಳಿದ ಅರ್ಜಿಯನ್ನು ನಮ್ಮ ಸುಪ್ರೀಂ ಕೋರ್ಟ್ 2024ರ ಸೆಪ್ಟೆಂಬರಿನಲ್ಲಿ ವಿದೇಶಾಂಗ ನೀತಿ ತನ್ನ ವ್ಯಾಪ್ತಿಯದಲ್ಲ ಎಂದು ವಜಾ ಮಾಡಿತು. ಕೋರ್ಟಿನ ವ್ಯಾಪ್ತಿಯದಲ್ಲದಿದ್ದರೆ ಸಂಸತ್ತಿನ ವ್ಯಾಪ್ತಿಯದಂತೂ ಹೌದು. ನಮ್ಮ ಕ್ಷೇತ್ರಗಳ ಸಂಸದರು ಅಲ್ಲಿ ಇದನ್ನು ಎತ್ತಬೇಕು.

ಅಶ್ವತ್ಥಾಮನಿಗೂ ನಿಜವಾದ ದುಃಖವಿತ್ತು. ಅವನ ತಂದೆಯನ್ನು ಸುಳ್ಳು ಹೇಳಿ ಕೊಂದಿದ್ದರು. ಆ ಸಂಕಟ ಹೊತ್ತು ಅವನು ರಾತ್ರಿ ಪಾಂಡವರ ಶಿಬಿರಕ್ಕೆ ನುಗ್ಗಿ ಮಲಗಿದ್ದ ಮಕ್ಕಳನ್ನು ಕೊಂದ. ಭಾಗವತದಲ್ಲಿ ಬರುವ ಕಥೆಯಲ್ಲಿ ಅವನನ್ನು ಕಟ್ಟಿ ತಂದು ನಿಲ್ಲಿಸಿದಾಗ, ಐದೂ ಮಕ್ಕಳನ್ನು ಕಳೆದುಕೊಂಡ ದ್ರೌಪದಿಯೇ ಬಿಡಿ ಅವನನ್ನು, ಅವನ ತಾಯಿ ನನ್ನ ಹಾಗೆ ಅಳಬೇಕಾಗಬಾರದು ಎನ್ನುತ್ತಾಳೆ. ಮಕ್ಕಳನ್ನು ಕಳೆದುಕೊಂಡ ಇಸ್ರೇಲಿ ಮತ್ತು ಪ್ಯಾಲೆಸ್ತೀನಿ ಕುಟುಂಬಗಳು ಸೇರಿ 1995ರಿಂದ ನಡೆಸುತ್ತಿರುವ ಪೇರೆಂಟ್ಸ್ ಸರ್ಕಲ್ ವೇದಿಕೆಯಲ್ಲಿ ಈ ಮಾತನ್ನು ಬದುಕಿ ತೋರಿಸುವವರಿದ್ದಾರೆ. ರಾಮಿ ಎಲ್ಹನಾನ್ ಅವರ ಹದಿಮೂರು ವರ್ಷದ ಮಗಳು 1997ರಲ್ಲಿ ಜೆರುಸಲೇಮಿನ ಆತ್ಮಾಹುತಿ ದಾಳಿಯಲ್ಲಿ ಸತ್ತಳು. ಬಸ್ಸಾಂ ಅರಾಮಿನ್ ಅವರ ಹತ್ತು ವರ್ಷದ ಮಗಳು 2007ರಲ್ಲಿ ಶಾಲೆಯ ಬಳಿ ಇಸ್ರೇಲಿ ಗಡಿ ಪೊಲೀಸರ ರಬ್ಬರ್ ಗುಂಡಿಗೆ ಬಲಿಯಾದಳು. ಇಬ್ಬರೂ ಜೊತೆಯಾಗಿ ಊರೂರು ತಿರುಗಿ ಮಾತಾಡುತ್ತಾರೆ. ವಿವಿಯನ್ ಸಿಲ್ವರ್ ಅವರ ಮಗ ಯೊನಾತನ್ ಝೈಗೆನ್ ತಾಯಿ ಸತ್ತ ಮೇಲೆ ತನ್ನ ಕೆಲಸ ಬಿಟ್ಟು ಶಾಂತಿಯ ಚಳವಳಿಗೆ ಬಂದರು.

ಇವರು ಕ್ಷಮೆಯ ಜೊತೆಗೆ ಹೊಣೆಗಾರಿಕೆಯನ್ನೂ ಕೇಳುತ್ತಾರೆ. ನಾವು ಹೊಗಳುವಾಗ ಈ ಎರಡನೆಯದನ್ನು ಬಿಟ್ಟುಬಿಡುತ್ತೇವೆ. ಗಾಜಾದ ವೈದ್ಯ ಇಝೆಲ್ದಿನ್ ಅಬುಲೈಶ್ ಇಸ್ರೇಲಿನ ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತಿದ್ದವರು. 2009ರ ಜನವರಿ 16ರಂದು ಜಬಾಲಿಯಾದಲ್ಲಿದ್ದ ಅವರ ಮನೆಗೆ ಟ್ಯಾಂಕಿನ ಗುಂಡುಗಳು ಬಡಿದು ಮೂವರು ಹೆಣ್ಣುಮಕ್ಕಳು, ತಮ್ಮನ ಮಗಳು ಸತ್ತರು. ಆ ಕ್ಷಣದಲ್ಲಿ ಅವರು ಫೋನಿನಲ್ಲಿ ಅತ್ತಿದ್ದು ಇಸ್ರೇಲಿನ ಟಿವಿಯಲ್ಲಿ ನೇರಪ್ರಸಾರವಾಯಿತು. ತಾನು ದ್ವೇಷಿಸುವುದಿಲ್ಲ ಎಂದು ಅವರು ಹೇಳಿದ್ದನ್ನು ಜಗತ್ತು ಮೆಚ್ಚಿತು. ಅದೇ ಅಬುಲೈಶ್ ಇಸ್ರೇಲಿನ ನ್ಯಾಯಾಲಯಕ್ಕೆ ಹೋಗಿ ಕ್ಷಮಾಪಣೆ ಮತ್ತು ಪರಿಹಾರ ಕೇಳಿದರು. ಹಣ ಬಂದರೆ ಸತ್ತ ಮಕ್ಕಳ ಹೆಸರಿನಲ್ಲಿ ಹುಡುಗಿಯರ ಓದಿಗೆ ಕೊಡುವುದಾಗಿ ಹೇಳಿದರು. 2021ರ ನವೆಂಬರಿನಲ್ಲಿ ಇಸ್ರೇಲಿನ ಸುಪ್ರೀಂ ಕೋರ್ಟ್ ಅರ್ಜಿ ತಳ್ಳಿಹಾಕಿತು. ಯುದ್ಧಕಾರ್ಯದಲ್ಲಿ ಆದ ಹಾನಿಗೆ ಸರ್ಕಾರ ಹೊಣೆಯಲ್ಲ ಎಂಬ ವಿನಾಯಿತಿ ಅಲ್ಲಿನ ಕಾನೂನಿನಲ್ಲಿದೆ. ಆ ವಿನಾಯಿತಿ ಹೋಗಬೇಕು. ಅದು ಇರುವ ತನಕ ಮಧ್ಯಾಹ್ನದ ಆದೇಶದಲ್ಲಿ ಇಪ್ಪತ್ತು ಎಂದು ಬರೆಯುವ ಅಧಿಕಾರಿಗೆ, ಆ ಇಪ್ಪತ್ತರಲ್ಲಿ ಒಬ್ಬರ ತಂದೆಯೂ ಮುಂದೆ ತನ್ನನ್ನು ಕಟಕಟೆಯಲ್ಲಿ ನಿಲ್ಲಿಸಲಾರ ಎಂಬುದು ಮೊದಲೇ ಗೊತ್ತಿರುತ್ತದೆ.